ಮೂರು ಕಾಳಿನ ಕಾಯಿ

ಪೀಣ್ಯ ಎರಡನೇ ಹಂತದಲ್ಲಿ ಭಾನುವಾರ ಸಂಜೆ ನಾಯಿ ಬೊಗಳಿದ್ದೂ ಕೇಳಿಸುತ್ತದೆ. ವಾರದ ಆರು ದಿನ ಲೇತುಗಳು ಕಿರುಗುಟ್ಟುವ, ಪವರ್ ಪ್ರೆಸ್ಸುಗಳು ಧಡ್ ಧಡ್ ಎಂದು ಕುಟ್ಟುವ ಬೀದಿ ಅದು. ಅವತ್ತೊಂದು ದಿನ ಶಟರುಗಳೆಲ್ಲ ಇಳಿದಿರುತ್ತವೆ. ಕೂಲೆಂಟಿನ ವಾಸನೆಗೆ ಮಾತ್ರ ರಜೆ ಇಲ್ಲ. ಅದು ಮೆಟ್ಟಿಲು ಹತ್ತಿ ಅಣ್ಣನ ನಡುಮನೆಗೂ ಬರುತ್ತದೆ. ಕೆಳಗೆ ಶಾಪು, ಮೇಲೆ ಮನೆ. ಶಾಪಿನಲ್ಲಿ ಎರಡು ಸಿಎನ್‌ಸಿ, ಒಂದು ಹಳೇ ಲೇತು. ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮ ಲೇತಿನ ಹೆಡ್‌ಸ್ಟಾಕ್ ಮೇಲೆ ಯುಗಾದಿವರೆಗೂ ಉಳಿದಿರುತ್ತದೆ.

ಕಳೆದ ನವೆಂಬರಿನ ಅಂಥದೊಂದು ಸಂಜೆ ಆ ನಡುಮನೆಯಲ್ಲಿ ಹದಿನೈದು ಜನ ಕೂತಿದ್ದೆವು. ದೊಡ್ಡಮ್ಮ ತಿಪಟೂರು ಕಡೆಯಿಂದ ಬಸವನಗುಡಿಯ ಕಡಲೆಕಾಯಿ ಪರಿಷೆಗೆಂದು ಬಂದಿದ್ದರು. ಪರಿಷೆಯ ಸೋಮವಾರ ಕಾಲಿಡಲು ಜಾಗ ಇರುವುದಿಲ್ಲವೆಂದು ಭಾನುವಾರವೇ ಹೋಗಿ, ಬಸವಣ್ಣನಿಗೆ ಕೈಮುಗಿದು, ನಾಲ್ಕು ಸೇರು ಹಸಿಕಾಯಿ ತಂದಿದ್ದರು. ಅತ್ತಿಗೆ ಉಪ್ಪು ಹಾಕಿ ಬೇಯಿಸಿ ಮೊರದಲ್ಲಿ ಸುರಿದಿದ್ದಳು. ಬಿಸಿಕಾಯಿ ಸುಲಿಯುತ್ತ ದೊಡ್ಡಮ್ಮ ಹೇಳಿದ್ದು ಇಷ್ಟೇ: ‘ಮಕ್ಕಳು ಅದೇನೋ ನೀರಾಟದ ಜಾಗ ಅಂತಾವಲ್ಲ, ಎಲ್ಲಾ ಒಟ್ಟಿಗೆ ಹೋಗಾಣ. ಒಂದು ರಾತ್ರಿ ಅಲ್ಲೇ ಮಲಗಾಣ.’

ಒಂದು ರಾತ್ರಿ ಒಟ್ಟಿಗೆ ಮಲಗುವುದು ನಮಗೆ ಸಣ್ಣ ಮಾತಲ್ಲ. ನಾವು ಮೂವರೂ ಬೆಂಗಳೂರಿನಲ್ಲೇ ಇದ್ದೇವೆ ಅನ್ನುವುದು ಹೆಸರಿಗೆ. ಅಣ್ಣ ಐಟಿಐ ಮುಗಿಸಿ ಪೀಣ್ಯಕ್ಕೆ ಬಂದವನು ಅಲ್ಲೇ ಬೇರುಬಿಟ್ಟ. ನಾನು ಎಲೆಕ್ಟ್ರಾನಿಕ್ ಸಿಟಿಯ ದೊಡ್ಡತೋಗೂರಿನಲ್ಲಿ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಎರಡು ಹಳ್ಳಿಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಕಟ್ಟಿದ ಊರು ಅದು, ಆರ್.ಕೆ. ಬಾಳಿಗಾ ಕಂಡ ಕನಸು. ತಂಗಿ ವೈಟ್‌ಫೀಲ್ಡಿನ ಕಾಡುಗೋಡಿಯಲ್ಲಿ. 1882ರಲ್ಲಿ ಆಂಗ್ಲೋ ಇಂಡಿಯನ್ನರು ತೋಟ ಮಾಡಿಕೊಂಡು ಬಾಳಲೆಂದು ಮೈಸೂರು ಮಹಾರಾಜರು ಜಮೀನು ಕೊಟ್ಟ ಜಾಗ, ಈಗ ಗಾಜಿನ ಕಟ್ಟಡಗಳ ಕಾಡು. ಮೂವರೂ ಊರಿನ ಮೂರು ಅಂಚುಗಳಲ್ಲಿ ಒಲೆಯ ಮೂರು ಗುಂಡಿನ ಹಾಗೆ ಕೂತಿದ್ದೇವೆ. ತಿಪಟೂರಿನಲ್ಲಿ ರೈಲು ಹತ್ತಿದ ದೊಡ್ಡಮ್ಮ ಎರಡೂವರೆ ಮೂರು ಗಂಟೆಯಲ್ಲಿ ಯಶವಂತಪುರದಲ್ಲಿ ಇಳಿಯುತ್ತಾರೆ. ಶುಕ್ರವಾರ ಸಂಜೆ ತಂಗಿ ಕಾಡುಗೋಡಿಯಿಂದ ಕಾರು ತೆಗೆದರೆ ಪೀಣ್ಯ ಮುಟ್ಟುವ ಹೊತ್ತಿಗೆ ಅವರು ಉಂಡು ಎಲೆಅಡಿಕೆ ಹಾಕಿಕೊಂಡಿರುತ್ತಾರೆ.

ಮೊದಲ ತೊಡಕು ದಿನದ್ದು. ನಮ್ಮ ಎಲೆಕ್ಟ್ರಾನಿಕ್ ಸಿಟಿಗೆ ಶನಿವಾರ, ಭಾನುವಾರ ರಜೆ. ತಂಗಿಯ ಗಂಡನಿಗೆ ಅಮೆರಿಕದ ಗಡಿಯಾರ. ಅವನ ಶನಿವಾರ ಬೆಳಿಗ್ಗೆ ಅಲ್ಲಿನ ಶುಕ್ರವಾರ ರಾತ್ರಿ. ಅಣ್ಣನಿಗೆ ಭಾನುವಾರ ಒಂದೇ, ಅದೂ ಗಿರಾಕಿ ಕಂಪನಿಯವರು ತುರ್ತು ಎನ್ನದಿದ್ದರೆ. ಎರಡು ದಿನ ಒಟ್ಟಿಗೆ ಬೇಕೆಂದರೆ ಮೂರೂ ಕಡೆ ಒಂದೇ ದಿನ ಬೀಗ ಬೀಳಬೇಕು. ಕಾರ್ಖಾನೆಗಳು ಕಡ್ಡಾಯವಾಗಿ ಬಾಗಿಲು ಹಾಕುವ ದಿನ ನಮ್ಮ ರಾಜ್ಯದಲ್ಲಿ ಐದು: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಉಳಿದ ಹಬ್ಬಗಳೆಲ್ಲ ಆಯಾ ಕಾರ್ಖಾನೆಯವರು ಕೂತು ಆರಿಸಿಕೊಳ್ಳುವಂಥವು. ಅಣ್ಣ ಎದ್ದು ಗೋಡೆಯ ಕ್ಯಾಲೆಂಡರ್ ತಂದ. ಅದರ ಕೊನೇ ಹಾಳೆಯಲ್ಲಿ ಮುಂದಿನ ವರ್ಷದ ತಿಂಗಳುಗಳು ಇರುವೆ ಸಾಲಿನಂತೆ ಅಚ್ಚಾಗಿದ್ದವು. ಕನ್ನಡಕ ಏರಿಸಿ ನೋಡಿದ. 2026ರ ಜನವರಿ 26 ಸೋಮವಾರ. ‘ಭಾನುವಾರ ಹೋಗಿ ಸೋಮವಾರ ಬರೋದು’ ಎಂದ. ಬೆಂಗಳೂರಿನ ಅರ್ಧ ಜನ ಅದೇ ಹೊತ್ತಿಗೆ ಅದೇ ಕ್ಯಾಲೆಂಡರ್ ನೋಡುತ್ತಿರುತ್ತಾರೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಾಘದ ಚಳಿಯಲ್ಲಿ ನೀರಾಟವೇ ಎಂದು ಅಮ್ಮ ಕೇಳಿದ್ದಕ್ಕೆ ಮಕ್ಕಳು ಕಿವುಡಾದವು.

ಜಾಗದ ಬಗ್ಗೆ ಚರ್ಚೆ ಬೇಕಿರಲಿಲ್ಲ. ಮಕ್ಕಳ ಬಾಯಲ್ಲಿ ಇದ್ದದ್ದು ವಂಡರ್‌ಲಾ ಒಂದೇ. ಮೈಸೂರು ರಸ್ತೆಯಲ್ಲಿ, ಬಿಡದಿಗೆ ಮುಂಚೆ, ಹೆಜ್ಜಾಲದ ಹತ್ತಿರ ಜಡೇನಹಳ್ಳಿಯಲ್ಲಿ ಎಂಬತ್ತು ಚಿಲ್ಲರೆ ಎಕರೆಯ ಪಾರ್ಕು. ಜಿಲ್ಲೆ ರಾಮನಗರ ಎಂದರೆ ಈಗ ತಪ್ಪು. 2025ರಿಂದ ಅದು ಬೆಂಗಳೂರು ದಕ್ಷಿಣ. ಅಣ್ಣನಿಗೆ ಆ ಪಾರ್ಕಿನ ಮೇಲೆ ಬೇರೆಯೇ ಕಾರಣಕ್ಕೆ ಗೌರವ. ಅದನ್ನು ಕಟ್ಟಿದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ ಮೊದಲು ಮಾಡುತ್ತಿದ್ದದ್ದು ವಿ-ಗಾರ್ಡ್ ವೋಲ್ಟೇಜ್ ಸ್ಟೆಬಿಲೈಸರ್. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂಬ ಪಾರ್ಕು, 2005ರಲ್ಲಿ ನಮ್ಮಲ್ಲಿ ವಂಡರ್‌ಲಾ. ‘ಸ್ಟೆಬಿಲೈಸರ್ ನೆಟ್ಟಗೆ ಮಾಡಿದೋನು ಜೋಕಾಲಿ ನೆಟ್ಟಗೆ ಮಾಡದೆ ಇರ್ತಾನಾ’ ಎಂಬುದು ಪೀಣ್ಯದ ತರ್ಕ. ಬೋಲ್ಟಿನ ಬಿಗಿ ನೋಡಿ ಮನುಷ್ಯರನ್ನು ಅಳೆಯುವವರ ಜೊತೆ ವಾದ ಮಾಡಬಾರದು.

ಪ್ರಶ್ನೆ ಇದ್ದದ್ದು ಮಲಗುವುದೆಲ್ಲಿ ಎಂಬುದರಲ್ಲಿ.

ತಂಗಿಯ ಗಂಡ ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಶೀಟು ಮಾಡಿದ. ಜನ ಇಪ್ಪತ್ತೊಂದು, ರೂಮಿಗೆ ಮೂವರು, ರೂಮು ಏಳು. ಮುಗಿಯಿತು ಎಂದ. ದೊಡ್ಡಮ್ಮ ಲ್ಯಾಪ್‌ಟಾಪಿನ ಬೆಳಕಿಗೆ ಕಣ್ಣು ಕಿರಿದು ಮಾಡಿ ನೋಡಿ, ಮೊರವನ್ನು ತಮ್ಮ ಕಡೆ ಎಳೆದುಕೊಂಡರು. ಮೂರು ಕಾಳಿನ ಕಾಯಿ ಹುಡುಕತೊಡಗಿದರು. ಕಡಲೆಕಾಯಿ ರಾಶಿಯಲ್ಲಿ ಮೂರು ಕಾಳಿನದು ಸಿಗುವುದು ಅಪರೂಪ. ಎರಡು ಕಾಳಿನವೇ ಹೆಚ್ಚು. ‘ನೋಡು, ದೇವ್ರೇ ಮೂರು ಜನನ್ನ ಒಂದು ಕಾಯೊಳಗೆ ಹಾಕೋಕೆ ಯೋಚ್ನೆ ಮಾಡ್ತಾನೆ’ ಎಂದು ನೆಲದ ಮೇಲೆ ಕಾಯಿ ಜೋಡಿಸಿದರು. ಒಂದೊಂದು ಕಾಯಿ ಒಂದೊಂದು ರೂಮು.

ಮೊದಲನೇದು ಅಣ್ಣನ ಮಗ, ಸೊಸೆ. ಮದುವೆಯಾಗಿ ಐದು ತಿಂಗಳು, ಅವರ ಕಾಯಿಗೆ ಕೈ ಹಾಕುವ ಹಾಗಿಲ್ಲ. ತಂಗಿಯ ಅತ್ತೆ ಮಾವ, ಬೀಗರು, ಅವರೊಂದು. ನಾನು, ನನ್ನ ಗಂಡ, ಎರಡು ಮಕ್ಕಳು. ತಂಗಿ, ಅವಳ ಗಂಡ, ದೊಡ್ಡ ಮಗು, ಎಂಟು ತಿಂಗಳ ಕೂಸು. ದೊಡ್ಡಮ್ಮನ ಮಗ, ಸೊಸೆ, ಮೊಮ್ಮಗ. ಅಮ್ಮ, ದೊಡ್ಡಮ್ಮ, ನನ್ನ ಅತ್ತೆ ಒಂದರಲ್ಲಿ. ಅಣ್ಣ, ಅತ್ತಿಗೆ, ಹದಿನೇಳರ ಮಗಳು ಇನ್ನೊಂದರಲ್ಲಿ. ಲೆಕ್ಕ ಸರಿಯಾಗಿ ಏಳೇ ಬಂತು. ಅಳಿಯ ಹೆಮ್ಮೆಯಿಂದ ಸುತ್ತ ನೋಡಿದ.

ಆಗ ನನ್ನ ಅತ್ತೆ ಮೆಲ್ಲಗೆ ಕೆಮ್ಮಿದರು. ದೊಡ್ಡಮ್ಮ ಬೆಳಗಿನ ಜಾವ ನಾಲ್ಕೂವರೆಗೆ ಏಳುತ್ತಾರೆ. ಸ್ನಾನ, ಇಷ್ಟಲಿಂಗ ಪೂಜೆ, ಆಮೇಲೆಯೇ ಕಾಫಿ; ಆ ಕ್ರಮ ಅರವತ್ತು ವರ್ಷದಿಂದ ತಪ್ಪಿಲ್ಲ. ನನ್ನ ಅತ್ತೆಗೆ ನಿದ್ದೆ ಹತ್ತುವುದೇ ಎರಡು ಗಂಟೆಗೆ. ಬೀಗರ ಮನೆಯ ದೊಡ್ಡವರ ಎದುರು ಇದನ್ನು ನೇರವಾಗಿ ಹೇಳಲಾಗದು. ‘ನಂಗೆ ಫ್ಯಾನಿನ ಗಾಳಿ ಆಗಲ್ಲ, ಅವ್ರಿಗೆ ಸೆಕೆ ಆಗ್ತದೇನೋ’ ಎಂದರು. ನಮ್ಮ ಮನೆಗಳಲ್ಲಿ ಫ್ಯಾನಿನ ಗಾಳಿ ಎಂಬ ಮಾತಿಗೆ ನೂರು ಅರ್ಥ. ಅತ್ತಿಗೆ ತಟ್ಟನೆ ತಿಳಿದುಕೊಂಡು ತನ್ನ ಮಗಳನ್ನು ಅತ್ತೆಯ ಜೊತೆಗೆ ಹಾಕಿದಳು. ಎಂಟನೇ ಕಾಯಿ ಬಂತು. ಎಕ್ಸೆಲ್ಲಿನವನು ಬಾಯಿ ಮುಚ್ಚಿಕೊಂಡು ಏಳನ್ನು ಎಂಟು ಮಾಡಿದ.

ಒಬ್ಬ ಮನುಷ್ಯನ ನಿದ್ದೆ, ಪೂಜೆ, ಗೊರಕೆ, ಮೊಣಕಾಲು, ಮುನಿಸು, ಇವ್ಯಾವುದಕ್ಕೂ ರೆಸಾರ್ಟಿನ ಬುಕಿಂಗ್ ಪುಟದಲ್ಲಿ ಖಾನೆ ಇರುವುದಿಲ್ಲ. ಅಲ್ಲಿ ಇರುವುದು ವಯಸ್ಕರು ಎಷ್ಟು, ಮಕ್ಕಳು ಎಷ್ಟು ಎಂಬ ಎರಡೇ ಪ್ರಶ್ನೆ.

ಒಟ್ಟಿಗೆ ಮಲಗುವುದೆಂದರೆ ಡಾರ್ಮಿಟರಿ ಸಾಕಲ್ಲ, ಅಗ್ಗ ಕೂಡ, ಎಂದು ದೊಡ್ಡಮ್ಮನ ಮಗ ಒಮ್ಮೆ ಬಾಯಿ ಹಾಕಿದ. ಉಳಿದವರೆಲ್ಲ ಒಂದೇ ಸಲ ಅವನ ಕಡೆ ತಿರುಗಿದೆವು. ಎರಡು ವರ್ಷದ ಹಿಂದೆ ಊರಾಚೆಯ ಒಂದು ಫಾರ್ಮ್‌ಹೌಸಿಗೆ ಹೋದದ್ದು ಅವನಿಗೆ ಗೊತ್ತಿಲ್ಲ. ಇಪ್ಪತ್ತು ಜನಕ್ಕೆ ದೊಡ್ಡ ಹಾಲು, ಗುಂಡಗೆ ಹಾಸಿಗೆ, ಫೋಟೋದಲ್ಲಿ ಮಾವಿನ ತೋಪು. ಹೋದ ಮೇಲೆ ಗೊತ್ತಾದದ್ದು ಹಾಲು ಒಂದಿದ್ದರೆ ಬಚ್ಚಲೂ ಒಂದೇ ಎಂದು. ರಾತ್ರಿ ಹನ್ನೊಂದಕ್ಕೆ ಕರೆಂಟು ಹೋಯಿತು. ಜನರೇಟರಿಗೆ ಡೀಸೆಲ್ ತರಲು ಹೋದ ಹುಡುಗ ಬೆಳಗಾದ ಮೇಲೆ ಬಂದ. ಮೊಬೈಲಿನ ಬೆಳಕಲ್ಲಿ ನಾಲ್ಕು ಗಂಟೆಗೇ ಬಚ್ಚಲ ಮುಂದೆ ಕ್ಯೂ. ಅಮ್ಮನಿಗೆ ಸಕ್ಕರೆ ಕಾಯಿಲೆ, ರಾತ್ರಿ ನಾಲ್ಕು ಸಲ ಏಳಬೇಕು. ಕತ್ತಲಲ್ಲಿ ಮಲಗಿದವರ ಕಾಲು ತುಳಿಯುತ್ತ ಹೋಗುವುದಕ್ಕಿಂತ ಮೂಲೆಯಲ್ಲಿ ಕೂತೇ ಬೆಳಗು ಮಾಡಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ: ಎಷ್ಟು ಹಾಸಿಗೆ ಎಂದು ಕೇಳುವ ಮೊದಲು ಎಷ್ಟು ಬಚ್ಚಲು ಎಂದು ಕೇಳಬೇಕು.

ಉಳಿದ ದಾರಿ ಎರಡು. ಪಾರ್ಕಿಗೆ ಅಂಟಿಕೊಂಡೇ ಇರುವ ವಂಡರ್‌ಲಾದವರದೇ ರೆಸಾರ್ಟು, ಇಲ್ಲವೇ ಮೈಸೂರು ರಸ್ತೆಯುದ್ದಕ್ಕೂ ಸಿಗುವ ಇತರ ರೆಸಾರ್ಟುಗಳು. ಎರಡನೆಯವು ಕೆಲವು ಅಗ್ಗ, ಕೆಲವಕ್ಕೆ ಹುಲ್ಲುಹಾಸು ದೊಡ್ಡದು. ಇನ್ನು 2025ರಲ್ಲಿ ವಂಡರ್‌ಲಾದವರು ನೀರಿನ ಅಂಚಿನಲ್ಲಿ ಐಲ್ ಎಂಬ ಹೊಸ ತಂಗುದಾಣ ಬೇರೆ ತೆರೆದಿದ್ದಾರೆ. ಅದರ ಚಿತ್ರ ನೋಡಿ ಹೊಸ ದಂಪತಿಯ ಕಣ್ಣು ಅರಳಿತು. ಅಣ್ಣ ಕೆಮ್ಮಿದ. ಅರಳಿದ್ದು ಮುದುಡಿತು.

ಇದೇ ಹೊತ್ತಿಗೆ ಫ್ಲಾರಿಡಾದಲ್ಲಿರುವ ದೊಡ್ಡಮ್ಮನ ಕಿರಿಮಗ ವಿಡಿಯೋದಲ್ಲಿ ಬಂದ. ಅವನಿರುವುದು ಡಿಸ್ನಿಯ ನೆರಳಲ್ಲಿ, ಆರ್ಲ್ಯಾಂಡೋದಲ್ಲಿ. ಅಲ್ಲಿ 1971ರ ಅಕ್ಟೋಬರ್ 1ರಂದು ಪಾರ್ಕಿನ ಬಾಗಿಲು ತೆರೆದ ದಿನವೇ ಎರಡು ಹೋಟೆಲುಗಳ ಬಾಗಿಲೂ ತೆರೆದವಂತೆ; ಒಂದು ಹೋಟೆಲಿನ ಹೊಟ್ಟೆಯೊಳಗೇ ಮಾನೊರೈಲು ಹಾದುಹೋಗುತ್ತದೆ. ಅದಕ್ಕೆ ಮುಂಚೆ, 1955ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಮೊದಲ ಪಾರ್ಕು ಮಾಡುವಾಗ ವಾಲ್ಟ್ ಡಿಸ್ನಿಯ ಕೈಯಲ್ಲಿ ಹೋಟೆಲು ಕಟ್ಟುವಷ್ಟು ಕಾಸು ಉಳಿದಿರಲಿಲ್ಲ. ಬೇರೆಯವರು ಕಟ್ಟಿದರು, ಸುತ್ತಲ ಜಮೀನಿನಲ್ಲಿ ಕಂಡವರೆಲ್ಲ ವಸತಿಗೃಹ ಎಬ್ಬಿಸಿ ದುಡ್ಡು ಮಾಡಿಕೊಂಡರು. ಆ ಪಾಠವೇ ಫ್ಲಾರಿಡಾದಲ್ಲಿ ಹೋಟೆಲಾಯಿತು. ನಮ್ಮ ಬಿಡದಿಯಲ್ಲೂ ಪಾರ್ಕು ಬಂದ ಏಳು ವರ್ಷಕ್ಕೆ, 2012ರಲ್ಲಿ, 84 ರೂಮಿನ ರೆಸಾರ್ಟು ಬಂತು. ಅದಕ್ಕೆ ಮುಂಚೆ ಹಾಸನ, ಶಿವಮೊಗ್ಗ ಕಡೆಯಿಂದ ಶಾಲಾ ಪ್ರವಾಸ ಬಂದ ಮಕ್ಕಳು ಒದ್ದೆ ಬಟ್ಟೆಯನ್ನು ಬಸ್ಸಿನ ಕಿಟಕಿಗೆ ನೇತುಹಾಕಿಕೊಂಡು ಅದೇ ರಾತ್ರಿ ವಾಪಸು ಹೋಗುತ್ತಿದ್ದವು. ಈಗಲೂ ಎಷ್ಟೋ ಹಾಗೇ ಹೋಗುತ್ತವೆ.

‘ಅಲ್ಲಿಗೆ ಹೋದ್ರೆ ನಾನೇನ್ ಮಾಡ್ಲಿ?’ ದೊಡ್ಡಮ್ಮ ಕೇಳಿದರು. ವಯಸ್ಸು ಎಪ್ಪತ್ತೆಂಟು, ಎಡ ಮೊಣಕಾಲು ಊದಿಕೊಂಡಿದೆ. ನೀರಿಗೆ ಇಳಿಯುವುದಿಲ್ಲ, ತಿರುಗುವುದಕ್ಕೆ ಹತ್ತುವುದಿಲ್ಲ. ಇಳಿಯುತ್ತೇನೆಂದರೂ ಸೀರೆಯಲ್ಲಿ ಬಿಡುವುದಿಲ್ಲ. ಪ್ರಶ್ನೆಗೆ ಉತ್ತರ ಹುಡುಕುತ್ತ ಹುಡುಕುತ್ತ ನಮ್ಮ ಎರಡನೇ ಕಟ್ಟಳೆ ಹುಟ್ಟಿತು. ದೊಡ್ಡ ಸಂಸಾರಕ್ಕೆ ತಂಗುವ ಜಾಗ ಆರಿಸುವುದು ರಾತ್ರಿಗಾಗಿ ಅಲ್ಲ, ಮಧ್ಯಾಹ್ನಕ್ಕಾಗಿ. ರಾತ್ರಿ ಎಲ್ಲರೂ ಎಲ್ಲಾದರೂ ಮಲಗುತ್ತಾರೆ. ಮಧ್ಯಾಹ್ನ ಎರಡು ಗಂಟೆಗೆ ಕೂಸು ಅಳಲು ಶುರುಮಾಡಿದಾಗ, ಅಮ್ಮನಿಗೆ ಇನ್ಸುಲಿನ್ ಆಗಿ ಊಟವಾಗಬೇಕಾದಾಗ, ದೊಡ್ಡಮ್ಮನಿಗೆ ಕಾಲು ಚಾಚಬೇಕೆನಿಸಿದಾಗ ಹತ್ತು ನಿಮಿಷದಲ್ಲಿ ನಡೆದು ಮುಟ್ಟುವ ಹಾಸಿಗೆ ಇರಬೇಕು. ಹನ್ನೆರಡು ಕಿಲೋಮೀಟರ್ ಆಚೆ ಎಷ್ಟೇ ಚಂದದ ಹುಲ್ಲುಹಾಸಿದ್ದರೂ ಆ ಹೊತ್ತಿಗೆ ಅದು ಕೆಲಸಕ್ಕೆ ಬಾರದು. ಹಾಗಾಗಿ ಪಾರ್ಕಿನ ಪಕ್ಕದ್ದೇ ಎಂದು ತೀರ್ಮಾನವಾಯಿತು. ದೊಡ್ಡಮ್ಮನಿಗೆ ಪಾರ್ಕಿನ ಟಿಕೆಟ್ಟೇ ಬೇಡ, ರೂಮು ಮಾತ್ರ ಎಂದೂ.

ಹಣದ ಮಾತು ಬಂದಾಗ ಅಣ್ಣ ಸೋಫಾದ ಅಂಚಿಗೆ ಸರಿದ. ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನು ತುಂಬಿ ತುಂಬಿ ಅವನಿಗೆ ಅದರ ಹಲ್ಲು, ಉಗುರು ಎಲ್ಲ ಪರಿಚಯ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ರೂಮಿಗೆ ತೆರಿಗೆ ಶೇ 5. ಅದರ ಮೇಲೆ ಹೋದರೆ ಶೇ 18. ಕ್ಯಾಲೆಂಡರಿನ ಬೆನ್ನ ಮೇಲೆ ಬರೆದು ತೋರಿಸಿದ: 7,400ರ ರೂಮಿಗೆ ತೆರಿಗೆ 370. 7,600ರ ರೂಮಿಗೆ 1,368. ಬಾಡಿಗೆಯಲ್ಲಿ ಇನ್ನೂರರ ವ್ಯತ್ಯಾಸ, ಕೈಬಿಡುವುದು 1,198. ಎಂಟು ರೂಮಿಗೆ 9,584. ‘ಒಂದು ಇನ್ಸರ್ಟ್ ಬಾಕ್ಸ್ ಬತ್ತದೆ ಇದ್ರಲ್ಲಿ’ ಎಂದ. ಅವನ ಜಗತ್ತಿನಲ್ಲಿ ಎಲ್ಲ ಹಣವೂ ಕೊನೆಗೆ ಕಟಿಂಗ್ ಟೂಲ್ ಆಗುತ್ತದೆ. ಆದರೆ ದೊಡ್ಡಮ್ಮನ ಹಿರಿಮಗ ಸುಮ್ಮನೆ ನಕ್ಕು, ಮುಂಗಡ ನಾನೇ ಕಟ್ಟುತ್ತೇನೆ ಎಂದ. ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಬೆಲೆ ಏರಿದ ವರ್ಷ ಅದು. ಸಾಫ್ಟ್‌ವೇರಿನವರೂ ಸಿಎನ್‌ಸಿಯವರೂ ಕೂತಿದ್ದ ಕೋಣೆಯಲ್ಲಿ ತೆಂಗಿನ ತೋಟದವನು ಜೇಬಿಗೆ ಕೈ ಹಾಕಿದ್ದನ್ನು ನೋಡಿ ನನಗೆ ಒಳಗೊಳಗೇ ಖುಷಿಯಾಯಿತು.

ಇನ್ನೊಂದು ಅಳತೆ ಬಾಕಿ ಇತ್ತು. ಅಲ್ಲಿ ಮಕ್ಕಳ ಟಿಕೆಟ್ಟು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ದೊಡ್ಡ ರೈಡುಗಳಿಗೆ ಹತ್ತಿಸುವುದೂ ಎತ್ತರ ನೋಡಿಯೇ. ನನ್ನ ಹನ್ನೊಂದರ ಮಗನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಣ್ಣ ಸ್ಟೀಲ್ ಟೇಪು ಎಳೆದ. ಟಿಕೆಟ್ಟಿನ ಆಸೆಗೆ ಮಾವ ಅವನ ತಲೆ ಒತ್ತುತ್ತಿದ್ದರೆ, ರೋಲರ್ ಕೋಸ್ಟರಿನ ಆಸೆಗೆ ಅವನು ಹಿಮ್ಮಡಿ ಎತ್ತುತ್ತಿದ್ದ. ಮೈಕ್ರಾನಿನ ಲೆಕ್ಕದಲ್ಲಿ ಕೆಲಸ ಮಾಡುವ ಮನುಷ್ಯ ಆ ದಿನ ಒಂದು ಬೆರಳಿನಷ್ಟು ಟಾಲರೆನ್ಸ್ ಕೊಟ್ಟ.

ಜನವರಿ 25ರ ಬೆಳಿಗ್ಗೆ ಮೂರು ದಿಕ್ಕಿನಿಂದ ಹೊರಟೆವು. ನೈಸ್ ರಸ್ತೆ ಬೆಂಗಳೂರಿನ ಪಶ್ಚಿಮಕ್ಕೆ ಬಿಲ್ಲಿನ ಹಾಗೆ ಬಾಗಿದೆ. ಒಂದು ತುದಿ ನಮ್ಮ ಹೊಸೂರು ರಸ್ತೆ, ಇನ್ನೊಂದು ತುದಿ ಅಣ್ಣನ ತುಮಕೂರು ರಸ್ತೆ, ನಡುವೆ ಮೈಸೂರು ರಸ್ತೆ. ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ ಎರಡಕ್ಕೂ ಬಿಡದಿ ಸುಲಭ, ಟೋಲು ಕೊಡುವ ಕೈ ಸಡಿಲವಿದ್ದರೆ. ವೈಟ್‌ಫೀಲ್ಡ್ ಮಾತ್ರ ಆ ಬಿಲ್ಲಿಗೆ ಸಿಗದೆ ಪೂರ್ವದಲ್ಲಿ ಉಳಿದಿದೆ. ಅದಕ್ಕೆ ತಂಗಿಯ ಮನೆಯವರು ಕಾರು ಬಿಟ್ಟು ಮೆಟ್ರೊ ಹಿಡಿದರು. ಕಾಡುಗೋಡಿಯಿಂದ ಚಲ್ಲಘಟ್ಟದವರೆಗೆ ನೇರಳೆ ಮಾರ್ಗ 2023ರ ಅಕ್ಟೋಬರ್ 9ರಂದು ಪೂರ್ತಿಯಾಗಿ ತೆರೆದುಕೊಂಡಿತು. 43 ಕಿಲೋಮೀಟರ್, 37 ನಿಲ್ದಾಣ. ಊರಿನ ಒಂದು ತುದಿಯಲ್ಲಿ ಕೂತು ಇನ್ನೊಂದು ತುದಿಯಲ್ಲಿ ಏಳುವುದು. ಕೂಸು ಇಡೀ ದಾರಿ ಮಲಗಿತ್ತಂತೆ. ಬೀಗರು ಮೂವತ್ತೇಳೂ ನಿಲ್ದಾಣದ ಹೆಸರನ್ನು ಕನ್ನಡದಲ್ಲಿ ಓದಿ ಮುಗಿಸಿದರಂತೆ. ಚಲ್ಲಘಟ್ಟದ ಮೆಟ್ಟಿಲ ಬುಡದಲ್ಲಿ ನಮ್ಮ ಟೆಂಪೊ ಟ್ರಾವೆಲರ್ ಕಾಯುತ್ತಿತ್ತು.

ಅಲ್ಲಿಂದಾಚೆ ಎಲ್ಲ ನಂಬರ್ ಪ್ಲೇಟುಗಳೂ ಒಂದೇ ಕಡೆ ಮುಖ ಮಾಡಿದ್ದವು. ಕಾರುಗಳ ಹಿಂದಿನ ಗಾಜಿನಲ್ಲಿ ಗಾಳಿ ತುಂಬಿದ ಬಾತುಕೋಳಿ, ಮಡಿಚಿದ ಸ್ಟ್ರಾಲರ್, ಅಜ್ಜಿಯರ ಬೆಳ್ಳಿ ತಲೆ. ನಮ್ಮ ಹಾಗೇ ಕಡಲೆಕಾಯಿ ಜೋಡಿಸಿ ಬಂದವರು.

ರೆಸಾರ್ಟುಗಳಲ್ಲಿ ರೂಮು ಕೊಡುವುದು ಮಧ್ಯಾಹ್ನ. ನಾವು ಮುಟ್ಟಿದ್ದು ಹತ್ತೂವರೆಗೆ. ಇದನ್ನು ಮೊದಲೇ ಯೋಚಿಸಿ ಅತ್ತಿಗೆ ಫೋನಿನಲ್ಲಿ ಒಂದೇ ಒಂದು ರೂಮು ಬೇಗ ಕೊಡಿ ಎಂದು ಕೇಳಿಟ್ಟಿದ್ದಳು. ಎಂಟನ್ನೂ ಬೇಗ ಕೊಡಿ ಎಂದರೆ ಯಾರೂ ಕೊಡುವುದಿಲ್ಲ, ಒಂದು ಕೇಳಿದರೆ ಇಲ್ಲ ಎನ್ನಲು ಮನಸ್ಸು ಬಾರದು. ಆ ರೂಮಿಗೆ ಇಪ್ಪತ್ತೊಂದು ಜನರ ಚೀಲ, ಕೂಸಿನ ತೊಟ್ಟಿಲ ಬಟ್ಟೆ, ಚಕ್ಕುಲಿ ಡಬ್ಬ, ದೊಡ್ಡಮ್ಮ, ಎಲ್ಲ ಹೋಯಿತು. ಬಾಗಿಲು ತೆರೆದವರೇ ದೊಡ್ಡಮ್ಮ ಮೊದಲು ನೋಡಿದ್ದು ಸೂರ್ಯ ಎಲ್ಲಿದ್ದಾನೆ ಎಂದು. ಮಂಚದ ತಲೆ ಉತ್ತರಕ್ಕಿತ್ತು. ಉತ್ತರಕ್ಕೆ ತಲೆ ಹಾಕಿ ಮಲಗುವ ಮಾತೇ ಇಲ್ಲ. ಮಂಚ ಗೋಡೆಗೆ ಕಚ್ಚಿಸಿದ್ದು, ತಿರುಗಿಸಲಾಗದು. ಅವರು ದಿಂಬು ಎತ್ತಿ ಕಾಲ ಕಡೆ ಇಟ್ಟು, ಬಿಳಿ ಹಾಸಿಗೆಯ ಮೇಲೆ ಹೊದಿಸಿದ್ದ ನೀಲಿ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಬರೆಯುವ ಮೇಜಿನ ಮೇಲೆ ಹಾಸಿದರು. ಚೀಲದಿಂದ ವಿಭೂತಿ ಗಟ್ಟಿ, ಸಣ್ಣ ತಾಮ್ರದ ಚೊಂಬು, ಒಂದು ಬಿಲ್ವದ ಪೊಟ್ಟಣ ಹೊರಬಂತು. ಐದು ನಿಮಿಷದಲ್ಲಿ ಆ ರೂಮು ತಿಪಟೂರಾಯಿತು.

ಪಾರ್ಕಿನ ಬಾಗಿಲು ಹನ್ನೊಂದಕ್ಕೆ. ಅದರೊಳಗಿನದನ್ನು ಬಣ್ಣಿಸಿ ಪ್ರಯೋಜನವಿಲ್ಲ, ಹೋದವರಿಗೆ ಗೊತ್ತು. ಹಿಂದುಹಿಂದಕ್ಕೆ ಒಯ್ದು ಮಗುಚುವ ರೀಕಾಯ್ಲ್‌ನಿಂದ ಇಳಿದ ನನ್ನ ಗಂಡ ಅರ್ಧ ಗಂಟೆ ಯಾರೊಂದಿಗೂ ಮಾತಾಡಲಿಲ್ಲ. ಕಟ್ಟಡದ ನೆತ್ತಿಯ ಮೇಲೆ ಕೂರಿಸಿದ ಸ್ಕೈ ವೀಲಿನಲ್ಲಿ ಅಣ್ಣ ಕೆಳಗಿನ ಬಯಲಿಗಿಂತ ಬೇರಿಂಗಿನ ಸದ್ದಿಗೇ ಹೆಚ್ಚು ಕಿವಿ ಕೊಟ್ಟಿದ್ದ. ಸರಿಯಿದೆ ಎಂದು ಸರ್ಟಿಫಿಕೇಟ್ ಕೊಟ್ಟ.

ನೆನಪಲ್ಲಿ ನಿಂತದ್ದು ಅತ್ತಿಗೆ. ನೀರಿಗೆ ಇಳಿಯಬೇಕಾದರೆ ನೈಲಾನ್ ತರಹದ ಬಟ್ಟೆಯೇ ಆಗಬೇಕು. ಹತ್ತಿಬಟ್ಟೆಯ ನೂಲು, ಬಣ್ಣ ನೀರು ಸೋಸುವ ಯಂತ್ರಕ್ಕೆ ಆಗದು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಸೀರೆ, ನೈಟಿ, ಎಂದೋ ಒಮ್ಮೆ ಚೂಡಿದಾರ್ ಬಿಟ್ಟು ಬೇರೆ ಉಡದ ಹೆಂಗಸು. ಬಟ್ಟೆ ಬದಲಿಸುವ ಕೋಣೆಯಿಂದ ಸೊಸೆಯ ಹಿಂದೆ ಅಡಗಿ ಅಡಗಿ ಬಂದಳು. ಮೊಣಕಾಲ ಕೆಳಗಿನವರೆಗೆ ಕಪ್ಪು ನೈಲಾನು, ಮೇಲೊಂದು ತೋಳಿನ ಅಂಗಿ, ಅದರ ಮೇಲೆ ಟವೆಲ್ಲು, ಟವೆಲ್ಲಿನ ಮೇಲೆ ತಾಳಿಸರ. ಮಾವನ ವರಸೆಯವರು ಇದ್ದಾರಾ ಎಂದು ಅತ್ತಿತ್ತ ನೋಡಿದಳು. ಬೀಗರು ಆಗಲೇ ಬರ್ಮುಡಾ ಹಾಕಿಕೊಂಡು ಅಲೆಯ ಕೊಳದಲ್ಲಿ ಬೆನ್ನು ಮೇಲೆ ಮಾಡಿ ತೇಲುತ್ತಿದ್ದರು, ಅವರಿಗೆ ಲೋಕದ ಪರಿವೆ ಇರಲಿಲ್ಲ. ಅತ್ತಿಗೆ ಟವೆಲ್ಲನ್ನು ಕುರ್ಚಿಗೆ ಎಸೆದು ನೀರಿಗೆ ಕಾಲಿಟ್ಟಳು. ‘ಅಯ್ಯಪ್ಪಾ, ಚಳಿ’ ಎಂದಳು. ಆಮೇಲೆ ಸಂಜೆವರೆಗೆ ಅವಳನ್ನು ಹೊರಗೆ ತರಲಾಗಲಿಲ್ಲ.

ಒಂದೂವರೆಗೆ ಅಮ್ಮನನ್ನು, ಕೂಸನ್ನು, ತಂಗಿಯ ಅತ್ತೆಯನ್ನು ಕರೆದುಕೊಂಡು ನಾನು ರೂಮಿಗೆ ನಡೆದೆ. ದೊಡ್ಡಮ್ಮ ಕಾಲ ಕಡೆ ತಲೆ ಇಟ್ಟು ಸೊಗಸಾಗಿ ಮಲಗಿದ್ದರು. ಪರದೆ ಎಳೆದಿತ್ತು. ದೂರದಿಂದ ರೋಲರ್ ಕೋಸ್ಟರಿನ ಕಿರುಚಾಟ ಜಾತ್ರೆಯ ಸದ್ದಿನ ಹಾಗೆ ತೇಲಿಬರುತ್ತಿತ್ತು. ಅಮ್ಮ ಸೂಜಿ ಚುಚ್ಚಿಕೊಂಡು, ಉಂಡು, ಪಕ್ಕದಲ್ಲಿ ಒರಗಿದಳು. ಕೂಸು ಇಬ್ಬರ ನಡುವೆ. ಏಳೆಂಟು ಸಾವಿರ ಕೊಟ್ಟು ನಾವು ಕೊಂಡದ್ದು ಏನೆಂದು ಯಾರಾದರೂ ಕೇಳಿದ್ದರೆ ಆ ಅರೆಗತ್ತಲ ಮಂಚವನ್ನು ತೋರಿಸುತ್ತಿದ್ದೆ.

ರಾತ್ರಿ ಎಂಟಕ್ಕೆ ಎಲ್ಲ ಕೀಲಿಗಳೂ ಕೈಗೆ ಬಂದಿದ್ದವು. ಎಂಟು ರೂಮಿನ ಎಂಟು ಕಾರ್ಡು. ಊಟವಾದ ಮೇಲೆ ಯಾರೂ ತಂತಮ್ಮ ಬಾಗಿಲ ಕಡೆ ಹೋಗಲಿಲ್ಲ. ಮೊದಲು ತಂಗಿ ಕೂಸಿನ ಬಟ್ಟೆ ತೆಗೆದುಕೊಳ್ಳಲು ದೊಡ್ಡಮ್ಮನ ರೂಮಿಗೆ ಬಂದಳು. ಅವಳನ್ನು ಹುಡುಕಿಕೊಂಡು ಮಕ್ಕಳು. ಚಕ್ಕುಲಿ ಡಬ್ಬ ಅಲ್ಲೇ ಇದ್ದುದರಿಂದ ಗಂಡಸರು. ಮಂಚದ ಮೇಲೆ ಏಳು ಜನ, ಕುರ್ಚಿಯಲ್ಲಿ ಬೀಗರು, ನೆಲದ ಮೇಲೆ ರಜಾಯಿ ಹಾಸಿ ಉಳಿದವರು, ಬಾಗಿಲ ಹತ್ತಿರ ಗೋಡೆಗೆ ಒರಗಿ ಹೊಸ ದಂಪತಿ. ಊರಿನ ಮನೆಯ ಜಗಲಿಯಲ್ಲಿ ಹೀಗೇ ಕೂರುತ್ತಿದ್ದೆವು; ಆ ಮನೆಯ ಹೆಂಚು ಇಳಿಸಿ ಈಗ ಹತ್ತು ವರ್ಷ. ದೊಡ್ಡಮ್ಮ ಅವರಪ್ಪ ಅರಸೀಕೆರೆ ಸಂತೆಯಲ್ಲಿ ಎತ್ತು ಕಳೆದುಕೊಂಡು ಬೇರೆಯವರ ಎತ್ತು ಹೊಡೆದುಕೊಂಡು ಬಂದ ಕತೆ ಹೇಳಿದರು. ಎಲ್ಲರಿಗೂ ಗೊತ್ತಿರುವ ಕತೆಯೇ. ಹೊಸ ಸೊಸೆಗೆ ಗೊತ್ತಿರಲಿಲ್ಲ, ಅವಳು ನಕ್ಕು ನಕ್ಕು ಬಿಕ್ಕಳಿಸಿದಳು. ಫ್ಯಾನಿನ ಗಾಳಿ ಆಗದ ನನ್ನ ಅತ್ತೆ ಎಸಿಯ ನೇರ ಕೆಳಗೆ ಕೂತು, ಎರಡನೇ ಸಲ ಹೇಳಿಸಿದರು.

ಹನ್ನೆರಡೂವರೆ ಹೊತ್ತಿಗೆ ನಾನು ಮಕ್ಕಳನ್ನು ಎಳೆದುಕೊಂಡು ನಮ್ಮ ರೂಮಿಗೆ ಹೋದೆ. ಅಣ್ಣ ಕೊಬ್ಬರಿ ಮಾತಾಡುತ್ತ ದೊಡ್ಡಮ್ಮನ ಮಗನ ಹಿಂದೆ ಹೋದ. ದೊಡ್ಡಮ್ಮನ ಸೊಸೆ ಅತ್ತೆಯ ರೂಮಿನಲ್ಲೇ ಉಳಿದಳು.

ಸೋಮವಾರ ಬೆಳಿಗ್ಗೆ ಬಿಡದಿ ಕಡೆ ನಾಲ್ಕು ಮಾರು ಮುಂದೆ ಹೋಗಿ ತಟ್ಟೆ ಇಡ್ಲಿ ತಿಂದೇ ಬರುವುದೆಂದಾಯಿತು. 2023ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಮೈಸೂರಿನವರು ಬಿಡದಿಯನ್ನು ಪಕ್ಕಕ್ಕೆ ಬಿಟ್ಟು ಹಾರಿಹೋಗುತ್ತಾರೆ. ಇಡ್ಲಿ ಬೇಕಾದವರು ಸರ್ವಿಸ್ ರಸ್ತೆಗೆ ಇಳಿದು ಊರೊಳಗೆ ಹೋಗಬೇಕು. ನಾವು ಇಳಿದೆವು. ಬೆಣ್ಣೆ ಕರಗುವ ಮೊದಲೇ ತಟ್ಟೆ ಖಾಲಿಯಾಯಿತು. ವಾಪಸು ಬಂದು ಸಾಮಾನು ಕಟ್ಟುವಾಗ ಎಂಟೂ ರೂಮುಗಳನ್ನು ನೋಡಿ ಬಂದವಳು ನಾನೇ, ಏನಾದರೂ ಮರೆತಿದ್ದಾರೇನೋ ಎಂದು. ಅಣ್ಣ ಅತ್ತಿಗೆಯ ರೂಮಿನಲ್ಲಿ ಹಾಸಿಗೆ ಮಡಿಕೆ ಮುರಿದಿರಲಿಲ್ಲ, ನೀರಿನ ಬಾಟಲಿಯ ಮುಚ್ಚಳ ಕೂಡ ಬಿಚ್ಚಿರಲಿಲ್ಲ. ನನ್ನ ಅತ್ತೆಗೆಂದೇ ಕಿತ್ತಾಡಿ ಎಂಟನೆಯದಾಗಿ ಹಿಡಿದ ರೂಮಿನಲ್ಲೂ ಅಷ್ಟೇ. ಅತ್ತೆ, ಅತ್ತಿಗೆ, ಅವಳ ಮಗಳು, ಅಮ್ಮ, ದೊಡ್ಡಮ್ಮ, ದೊಡ್ಡಮ್ಮನ ಸೊಸೆ, ಆರು ಜನ ಹೆಂಗಸರು ಒಂದೇ ರೂಮಿನಲ್ಲಿ ಉತ್ತರ ಬಿಟ್ಟು ಮೂರು ದಿಕ್ಕಿಗೂ ತಲೆ ಹಾಕಿ ಮಲಗಿದ್ದರು. ನಾಲ್ಕೂವರೆಗೆ ದೊಡ್ಡಮ್ಮ ಎದ್ದದ್ದು ಯಾರಿಗೂ ಗೊತ್ತಾಗಲಿಲ್ಲವಂತೆ.

ಬಿಲ್ಲು ನೋಡುತ್ತ ಅಣ್ಣ ಎರಡು ರೂಮಿನ ಲೆಕ್ಕ ಹಾಕಿ ನಿಟ್ಟುಸಿರು ಬಿಟ್ಟ. ಮುಂದಿನ ಸಲ ಆರೇ ಸಾಕು ಎಂದ. ‘ಎಂಟೇ ಇರ್ಲಿ’ ಎಂದರು ದೊಡ್ಡಮ್ಮ, ಟ್ರಾವೆಲರಿನ ಮೆಟ್ಟಿಲಿಗೆ ಎಡಗಾಲು ಎತ್ತಿಡುತ್ತ. ‘ಹೋಗೋಕೆ ಜಾಗ ಇದ್ರೇ ಕೂತ್ಕಣಾದು.’

ಮಂಗಳವಾರ ಬೆಳಿಗ್ಗೆ ಆರಕ್ಕೆ ಅಣ್ಣನ ಶಾಪಿನಲ್ಲಿ ಫಸ್ಟ್ ಶಿಫ್ಟ್ ಇತ್ತು.